ಇಳಕಲ್ಲಿನ ಕಾಗದದ ದಾರಿ

ಕಾಗದದಲ್ಲಷ್ಟೇ ಕಂಡಿದ್ದ ಊರಿಗೆ ಕಾರಿನಲ್ಲಿ ಹೋಗುವ ಸುಖವೇ ಬೇರೆ. ರಾತ್ರಿ ಬಸ್ಸು ಹತ್ತಿದರೆ ನಿದ್ದೆಯಲ್ಲೇ ಊರು ಬಂದುಬಿಡುತ್ತದೆ. ನನಗೆ ಅದು ಬೇಡವಾಗಿತ್ತು. ಆ ನೀಲಿ ಇನ್‌ಲ್ಯಾಂಡ್ ಪತ್ರಗಳು ಮೈಸೂರಿನ ನಮ್ಮ ಮನೆಗೆ ಹೊರಟು ಬರುತ್ತಿದ್ದ ಸೀಮೆಯನ್ನು ಹಗಲು ಹೊತ್ತಿನಲ್ಲಿ ಕಣ್ತುಂಬ ನೋಡಬೇಕಿತ್ತು.

ವಾರಪತ್ರಿಕೆಯೊಂದರ ಪತ್ರಮಿತ್ರರ ಅಂಕಣದಲ್ಲಿ ಸಿಕ್ಕವಳು ಅವಳು, ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಆಗಿನ ವಿಳಾಸ ಹುನಗುಂದ ತಾಲ್ಲೂಕು, ಬಿಜಾಪುರ ಜಿಲ್ಲೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, ಆಮೇಲೆ ಇಳಕಲ್ಲೇ ತಾಲ್ಲೂಕಾಯಿತು. ಅಷ್ಟು ಹೊತ್ತಿಗೆ ಅವಳು ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು, ಪತ್ರಗಳು ನಿಂತಿದ್ದವು. ಈಚೆಗೆ ಫೋನಿನಲ್ಲಿ ಸಿಕ್ಕಳು. ‘ನಾ ಇಲ್ಲಂದ್ರೇನಾತು, ನಮ್ಮೂರು ಐತಲ್ಲ, ಹೋಗಿ ಬಾ’ ಅಂದಳು. ಹೊರಟೆ.

ಚಿತ್ರದುರ್ಗದಲ್ಲಿ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಕೂಡ್ಲಿಗಿ, ಹೊಸಪೇಟೆ. ತುಂಗಭದ್ರೆ ದಾಟಿದ ಮೇಲೆ ಮಾತೂ ಊಟವೂ ಬದಲು. ಕುಷ್ಟಗಿಯ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಸಂಕ್ರಾಂತಿಯ ಆಸುಪಾಸು, ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟಿ ನಿಂತಿತ್ತು. ‘ನಮ್ಮ ಸೀರಿ ಸೆರಗಿನ್ಯಾಗ ಜ್ವಾಳದ ತೆನಿ ಇರತಾವು’ ಎಂದು ಅವಳು ಬರೆದಿದ್ದು ನೆನಪಾಗಿ ಕಾರು ನಿಲ್ಲಿಸಿದೆ. ಭತ್ತದ ಸೀಮೆಯಲ್ಲಿ ಬೆಳೆದ ನಾನು ಜೋಳದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದ್ದು ಅಲ್ಲಿಯೇ.

ಇಳಕಲ್ಲಿನ ಅವಳ ತವರುಮನೆ ಮುಟ್ಟಿದಾಗ ಬಾಗಿಲಲ್ಲೇ ಅವಳ ಅತ್ತಿಗೆ, ‘ಬರ್ರಿ ಬರ್ರಿ, ಮೈಸೂರಿನ ಅಕ್ಕಾರು ನೀವಽ ಹೌದಿಲ್ರಿ?’ ಎಂದು ಒಳಗೆ ಕರೆದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೊಟ್ಟರು. ಕುಣಿಮಗ್ಗದಲ್ಲಿ ಅವಳ ಅಣ್ಣ ಕಾಲಿಳಿಬಿಟ್ಟು ಕೂತಿದ್ದರು. ಲಾಳಿ ಓಡುವ ಸದ್ದಿನ ನಡುವೆಯೇ ಮಾತು.

ಇಳಕಲ್ ಸೀರೆಯ ಜೀವ ಕೊಂಡಿಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಕೆಂಪು ಸೆರಗಿಗೆ ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಒಂದೊಂದಾಗಿ ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕಿದ ಮೇಲೆಯೇ ನೇಯ್ಗೆ ಶುರು. ಹಾಗಾಗಿ ಹತ್ತಾರು ಸೀರೆಗಾಗುವಷ್ಟು ಹಾಸನ್ನು ಒಮ್ಮೆಗೇ ಸುತ್ತಿಟ್ಟುಕೊಳ್ಳುವಂತಿಲ್ಲ; ಒಂದೊಂದು ಸೀರೆಗೂ ಮತ್ತೆ ಮೊದಲಿನಿಂದ. ಮಗ್ಗದಲ್ಲಿ ಕೂರುವವರು ಒಬ್ಬರು, ಅದಕ್ಕೆ ಮುಂಚಿನ ದುಡಿಮೆ ಮನೆಮಂದಿಯದೆಲ್ಲ. ಅತ್ತಿಗೆಯ ಬೆರಳು ಓಡುವುದನ್ನು ನೋಡುತ್ತ ನಾನು ಎದ್ದೇಳಲೇ ಇಲ್ಲ. ‘ನಿಮ್ಮ ಗೆಳತಿನೂ ಕೊಂಡಿ ಮುಗಿಸಿದ ಮ್ಯಾಲಽ ಕಾಗದ ಬರಿಯಾಕ ಕೂಡತಿದ್ಲರಿ’ ಅಂದರು ಅವರು. ಅಷ್ಟು ದುಡಿದು ದಣಿದ ಕೈ ನನಗಾಗಿ ಪುಟದ ಅಂಚಿನವರೆಗೂ ಬರೆಯುತ್ತಿತ್ತು.

ನಾನು ಕಂಡ ಊರುಗಳಲ್ಲಿ ಇಷ್ಟು ಚೆನ್ನಾಗಿ ಕಂಡ ಊರು ಇನ್ನೊಂದಿಲ್ಲ. ಅವಳ ಪತ್ರಗಳು ಕಲಿಸಿದ್ದರಿಂದಲೇ ಯಾವುದನ್ನು ನಿಂತು ನೋಡಬೇಕೆಂದು ನನಗೆ ಗೊತ್ತಿತ್ತು. ನಿಮ್ಮ ಹಳೆಯ ಪೆಟ್ಟಿಗೆಯಲ್ಲೂ ಅಂಥದೊಂದು ವಿಳಾಸವಿದ್ದರೆ ಮೊದಲು ಪತ್ರ ಬರೆಯಿರಿ, ಆಮೇಲೆ ಹೊರಡಿ. ಇನ್‌ಲ್ಯಾಂಡ್ ಪತ್ರದ ಬೆಲೆ ಈಗಲೂ 2.50 ರೂಪಾಯಿ.