ಪುಷ್ಯ ಮಳೆಯಲ್ಲಿ ಉಪ್ಪು-ಸಕ್ಕರೆ ನೀರು

ಆಗುಂಬೆ ಸೀಮೆಯ ಮಳೆ ಅಂದರೆ ಕೇಳಬೇಕೆ? ವರ್ಷಕ್ಕೆ 7,000 ಮಿಲಿಮೀಟರು ದಾಟಿಸುವ ಮಳೆ ಅದು. ಅದರ ಮಗ್ಗುಲಲ್ಲೇ ನಮ್ಮನೆ. ಎದುರಿಗೆ ಅಡಿಕೆ ತೋಟ, ತೋಟದಾಚೆ ಮಾಲತಿ ಹೊಳೆಗೆ ಹೋಗಿ ಸೇರುವ ಹಳ್ಳ, ಹಳ್ಳದಾಚೆ ರಸ್ತೆ. ಆರಿದ್ರಾ ಮಳೆ ಹಿಡಿಯಿತೆಂದರೆ ನಮಗೂ ರಸ್ತೆಗೂ ಉಳಿಯುತ್ತಿದ್ದ ನಂಟು ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕವೊಂದೇ.

ಹಾಗಾಗಿ ನಮ್ಮಲ್ಲಿ ಮಳೆಗಾಲದ ಕೆಲಸ ಶುರುವಾಗುತ್ತಿದ್ದದ್ದು ಸುಡುಬಿಸಿಲಲ್ಲಿ. ಅವ್ವ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕುವಳು, ಮಾವಿನ ಮಿಡಿ ಭರಣಿಗೆ ತುಂಬುವಳು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿ ಕತ್ತಲೆ ಮೂಲೆಯಲ್ಲಿ ಒಟ್ಟುವಳು. ಸೌದೆ ಕೊಟ್ಟಿಗೆ ತುಂಬಿಸುವುದು ಅಪ್ಪಯ್ಯನ ಪಾಲು. ಮಕ್ಕಳನ್ನು ತಯಾರು ಮಾಡುವುದು ಅಜ್ಜಯ್ಯನ ಪಾಲು.

ಅಜ್ಜಯ್ಯನ ಕ್ರಮವೇ ಒಂದು ಥರ. ಜಗುಲಿಯಲ್ಲಿ ಕವಳ ಹಾಕಿಕೊಂಡು ಕೂತು, ನಮ್ಮ ಕಣ್ಣಿಗೆ ಪಂಚೆಯ ಬಟ್ಟೆ ಕಟ್ಟಿ, "ಹೋಗು, ಲಾಟೀನು ತಾ. ಬೆಂಕಿಪೊಟ್ಟಣ ತಾ. ಹಗ್ಗ ಎಲ್ಲಿದೆ ನೋಡು" ಅನ್ನುತ್ತಿದ್ದರು. ಬೆಂಕಿಪೊಟ್ಟಣ ಗಾಜಿನ ಬಾಟಲಿಯೊಳಗೆ, ಒಲೆಯ ಮೇಲಿನ ಅಟ್ಟದಲ್ಲಿ. ಮಳೆಗಾಲದ ಥಂಡಿ ಅಲ್ಲಿಗೆ ಮುಟ್ಟುವುದಿಲ್ಲ. ಅದನ್ನು ಬೇರೆ ಕಡೆ ಇಟ್ಟವರಿಗೆ ಅವತ್ತು ಅವರಿಂದ ಬೈಗುಳವೇ. ಸಂಜೆ ಹೊತ್ತು ಹಗ್ಗದ ಪಾಠ. ಎಳೆದಷ್ಟೂ ಬಿಗಿಯಾಗುವ, ತುದಿ ಹಿಡಿದು ಸೆಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವ ಗಂಟೊಂದಿತ್ತು. ಅದು ಕೈಗೆ ಬರುವವರೆಗೆ ನಮಗೆ ಆಟಕ್ಕೆ ಬಿಡುಗಡೆಯಿಲ್ಲ.

ಅಂಥದೊಂದು ಬೇಸಿಗೆಯಲ್ಲಿ, ಯಾವುದೆಂಬ ನೆನಪು ಮಸುಕಾಗಿದೆ, ನರ್ಸಮ್ಮ ಒಬ್ಬರು ಮನೆಮನೆಗೆ ನಡೆದುಕೊಂಡು ಬಂದಿದ್ದರು. ಮಜ್ಜಿಗೆ ಕುಡಿದು, ಸೆರಗಿನಿಂದ ಗಾಳಿ ಹಾಕಿಕೊಂಡು, ಹೆಂಗಸರನ್ನೆಲ್ಲ ಅಡಿಗೆಮನೆ ಬಾಗಿಲಲ್ಲಿ ಕೂರಿಸಿದರು. "ವಾಂತಿಭೇದಿಯಲ್ಲಿ ಮಗು ಸಾಯುವುದು ನೀರು ಖಾಲಿಯಾಗಿ ಕಣ್ರೇ" ಎಂದವರು ಲೆಕ್ಕ ಹೇಳಿಕೊಟ್ಟರು: ಕುದಿಸಿ ಆರಿಸಿದ ನೀರು 1 ಲೀಟರು, ಸಕ್ಕರೆ ಮಟ್ಟಸವಾಗಿ 6 ಟೀ ಚಮಚ, ಉಪ್ಪು ಅರ್ಧ ಚಮಚ. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಕೂಡದು. ನಮ್ಮನೆಯಲ್ಲಿ ಇದ್ದದ್ದು ಸೇರು, ಪಾವು. ಅವ್ವ ಲೀಟರಿನ ಬಾಟಲಿಯಿಂದ ತಂಬಿಗೆಗೆ ನೀರು ಸುರಿದು, ಅದು ನಿಂತ ಮಟ್ಟಕ್ಕೆ ಒಳಮೈಯಲ್ಲಿ ಮೊಳೆಯಿಂದ ಗೀರು ಹಾಕಿಕೊಂಡಳು.

ಇನ್ನು ಆಮೇಲಿನ ಒಂದು ಪುಷ್ಯ ಮಳೆಯ ಸಂಗತಿ. ರಾತ್ರಿಯಿಡೀ ಹೆಂಚಿನ ಮೇಲೆ ಒಂದೇ ಸದ್ದು. ಬೆಳಗ್ಗೆ ನೋಡಿದರೆ ಸಂಕವೇ ಇಲ್ಲ. ಕೆಂಪು ನೀರು ದಡ ಮೀರಿ ತೋಟದೊಳಗೆ ನುಗ್ಗಿತ್ತು. ಕರೆಂಟು ಯಾವಾಗ ಹೋಯಿತೋ ಯಾರಿಗೂ ಗೊತ್ತಿಲ್ಲ. ಆವತ್ತೇ ಮಧ್ಯಾಹ್ನ ತೋಟದಂಚಿನ ಮನೆಯ ಅತ್ತಿಗೆ, ಗೊರಬು ಹೊದ್ದು ಮಗಳನ್ನು ಎತ್ತಿಕೊಂಡು ಓಡಿ ಬಂದರು. ನಾಲ್ಕು ವರ್ಷದ ಹುಡುಗಿ. ವಾಂತಿ ಮೊದಲು ಶುರುವಾಯಿತೋ ಭೇದಿಯೋ ನನಗೆ ನೆನಪಿಲ್ಲ. ಅವಳ ಕಣ್ಣು ಒಳಗೆ ಹೋಗಿದ್ದು, ನಾಲಿಗೆ ಒಣಗಿ ಹಪ್ಪಳದ ಹಾಗಾಗಿದ್ದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವ್ವ ಒಂದು ಮಾತೂ ಆಡಲಿಲ್ಲ. ಒಣ ಸೌದೆ ಒಟ್ಟಿದಳು, ನೀರು ಕುದಿಸಿದಳು, ಗೀರಿನ ಮಟ್ಟಕ್ಕೆ ಅಳೆದಳು. ಆಮೇಲೆ ಚಮಚ ಚಮಚವಾಗಿ ಕುಡಿಸುತ್ತ ಕೂತಳು. ಮಗು ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒಂದು ಚಮಚ. ರಾತ್ರಿ ಅತ್ತಿಗೆ, ಆಮೇಲೆ ನನ್ನ ಅಕ್ಕ, ಆಮೇಲೆ ಮತ್ತೆ ಅವ್ವ. ಹಿಂದಿನ ದಿನದ ನೀರು ಉಳಿದಿದ್ದರೆ ಚೆಲ್ಲಿ ಹೊಸದು ಮಾಡುತ್ತಿದ್ದಳು. ನಡುನಡುವೆ ಗಂಜಿ ತಿಳಿ.

ಎಷ್ಟೋ ವರ್ಷದ ಮೇಲೆ ಡಾ. ದಿಲೀಪ್ ಮಹಲನಬಿಸ್ ಅವರ ಬಗ್ಗೆ ಓದಿದಾಗ ನನಗೆ ಆ ರಾತ್ರಿ ನೆನಪಾಗಿ ಗಂಟಲು ಕಟ್ಟಿತು. 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್‌ಗೆ ಬಂದು ತುಂಬಿದ್ದಾಗ ಕಾಲರಾ ಎದ್ದಿತು. ನರಕ್ಕೆ ಕೊಡುವ ಸಲೈನು ಮುಗಿಯುತ್ತ ಬಂತು. ಆಗ ಅವರು ಉಪ್ಪು, ಸೋಡ, ಗ್ಲೂಕೋಸು ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ತಾಯಂದಿರ ಕೈಯನ್ನು ನಂಬಿದ ಆ ಡಾಕ್ಟರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಕರುಳಿನಲ್ಲಿ ಉಪ್ಪನ್ನು ಸಕ್ಕರೆಯೇ ಜೊತೆಗೂಡಿ ಒಳಗೆ ಎಳೆದುಕೊಳ್ಳುತ್ತದಂತೆ, ಉಪ್ಪಿನ ಹಿಂದೆ ನೀರೂ ಹೋಗುತ್ತದಂತೆ. ಅವ್ವನಿಗೆ ಅದೆಲ್ಲ ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು.

ಮಳೆ ಒಂದಿಷ್ಟು ಹೊಳವಾಗಿ ಹಳ್ಳ ಇಳಿದ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು "ನೀರು" ಅಂದಳು. ಆದರೂ ಡಾಕ್ಟರಿಗೆ ತೋರಿಸಲೇಬೇಕೆಂದು ಅಜ್ಜಯ್ಯನ ಹಟ. ನರ್ಸಮ್ಮನೂ ಹಾಗೇ ಹೇಳಿದ್ದರು, ಈ ನೀರು ಆಸ್ಪತ್ರೆ ಮುಟ್ಟುವವರೆಗಿನ ಆಸರೆ ಅಂತ. ಅಪ್ಪಯ್ಯ, ಹುಡುಗಿಯ ಅಪ್ಪ ಸೇರಿ ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿದರು. ಸಂಕದ ಪಕ್ಕಕ್ಕೆ ಕೈಹಿಡಿಗೆ ಹಗ್ಗ ಎಳೆದು ಈಚೆಯ ಹಲಸಿನ ಮರಕ್ಕೆ ಕಟ್ಟಬೇಕಿತ್ತು. ಅಜ್ಜಯ್ಯ ನನ್ನ ಕಡೆ ತಿರುಗಿ, "ಕಟ್ಟು ಮಾರಾಯ, ನಿನ್ನ ಕೈ ಚುರುಕು" ಅಂದರು. ಕಟ್ಟಿದೆ. ಅವರೊಮ್ಮೆ ಜಗ್ಗಿ ನೋಡಿ, ಬಾಯಲ್ಲಿದ್ದ ಕವಳ ಉಗಿದು, "ಹೋಗಿ" ಎಂದರು. ಹುಡುಗಿಯನ್ನು ಅವಳಪ್ಪ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ದಾಟಿದರು.

ಮುಂದಿನ ಬೇಸಿಗೆಗೆ ನರ್ಸಮ್ಮ ಮತ್ತೆ ಬಂದಾಗ ಅವ್ವ ಆ ತಂಬಿಗೆ ತಂದು ತೋರಿಸಿದಳು. ಅವರು ಗೀರಿನ ಮೇಲೆ ಬೆರಳಾಡಿಸಿ, "ಇವತ್ತು ನನ್ನ ಜೊತೆ ಬನ್ನಿ, ನಾಲ್ಕು ಮನೆಗೆ ನೀವೇ ಹೇಳಿಕೊಡಿ" ಅಂದರು. ಅವ್ವ ಮಿಡಿ ಉಪ್ಪಿನಕಾಯಿ ಒಂದಿಷ್ಟು ಬಾಳೆಲೆಯಲ್ಲಿ ಕಟ್ಟಿ ಅವರ ಚೀಲಕ್ಕೆ ಹಾಕಿ, ತಂಬಿಗೆ ಹಿಡಿದುಕೊಂಡು ಹೊರಟಳು.