ರೂಸ್‌ವೆಲ್ಟರ ಕುರ್ಚಿ

ಹೆಣ್ಣು ನೋಡಲು ಬಂದವರ ಎದುರು ನಾನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅವರು ಬರುವ ಮೊದಲೇ ಅಮ್ಮ ನನ್ನನ್ನು ಜಮಖಾನದ ಮೇಲೆ ಕೂರಿಸಿ, ಎಡಗಾಲಿನ ಮೇಲೆ ಸೀರೆಯ ನೆರಿಗೆ ಹರಡಿದ್ದಳು. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಸೊರಗಿದ ಕಾಲು ಅದು. ಕಾಫಿ ತಂಗಿ ತಂದುಕೊಟ್ಟಳು. ಹುಡುಗನಿಗೆ ಅಪ್ಪ ಕಾಗದ ಬರೆದು ಎಲ್ಲ ತಿಳಿಸಿದ್ದರು. ಹೇಳಿದರೆ ಮದುವೆ ನಿಂತೀತೆಂದು ಅವರು ತಮ್ಮ ತಾಯಿಗೆ ಹೇಳಿರಲಿಲ್ಲ. ಮಂಟಪಕ್ಕೆ ಸೋದರಮಾವ ಎತ್ತಿಕೊಂಡು ತಂದಾಗ ಪದ್ಧತಿಯೆಂದೇ ಎಲ್ಲರೂ ತಿಳಿದರು. ತಾಳಿ ಕಟ್ಟಿದ ಮೇಲೆ ಸಪ್ತಪದಿಯಲ್ಲಿ ಗುಟ್ಟು ರಟ್ಟಾಯಿತು. ‘ಮುಚ್ಚಿಟ್ಟು ಕೊಟ್ಟರು’ ಎಂದು ಅತ್ತೆಯವರು ಹದಿನಾಲ್ಕು ವರ್ಷ ಅಂದರು. ಅದು ಸುಳ್ಳಾಗಿರಲಿಲ್ಲವಲ್ಲ!

2006ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ, ವಾಷಿಂಗ್ಟನ್ನಿನಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರ ಸ್ಮಾರಕಕ್ಕೆ ಕರೆದೊಯ್ದಳು. ಎರಡನೆಯ ಮಹಾಯುದ್ಧದಲ್ಲಿ ಆ ದೇಶ ನಡೆಸಿದ ಅಧ್ಯಕ್ಷರು, ನಾಲ್ಕು ಸಲ ಗೆದ್ದವರು ಎಂದಷ್ಟೇ ನನಗೆ ಗೊತ್ತಿದ್ದುದು. 1921ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರ ಎರಡೂ ಕಾಲು ಹೋದವಂತೆ. ವೈದ್ಯರು ಹೇಳಿದ್ದು ಪೋಲಿಯೋ.

ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಾಲಿನ ಉಕ್ಕಿನ ಪಟ್ಟಿಗಳು ಷರಾಯಿಯ ಕೆಳಗೆ ಕಾಣದಂತೆ ಕಪ್ಪು ಬಣ್ಣ ಬಳಿಸಿದ್ದರು. ಮಗನ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಕೋಲೂರಿ, ಸೊಂಟ ತಿರುಗಿಸುತ್ತ ‘ನಡೆಯುತ್ತಿದ್ದರು’. ಗಾಲಿಕುರ್ಚಿಯ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಆ ಕುರ್ಚಿಯೂ ಆಸ್ಪತ್ರೆಯದಲ್ಲ. ಮಾಮೂಲು ಅಡುಗೆಮನೆ ಕುರ್ಚಿಗೆ ಗಾಲಿ ಹಾಕಿಸಿಕೊಂಡದ್ದು. ನನ್ನ ಅಮ್ಮನ ಉಪಾಯಗಳೆಲ್ಲ ಅಮೆರಿಕದ ಅಧ್ಯಕ್ಷರ ಮನೆಯಲ್ಲೂ ನಡೆದಿದ್ದವು!

ಅವರನ್ನು ದೇವರಾಗಿಸಲು ಮನಸ್ಸು ಬರಲಿಲ್ಲ. 1942ರ ಫೆಬ್ರುವರಿಯಲ್ಲಿ ಅವರು ಹಾಕಿದ ಒಂದು ಸಹಿಯಿಂದ ಸುಮಾರು 1,20,000 ಜಪಾನೀ ಮೂಲದವರು ಮನೆಮಠ ಬಿಟ್ಟು ಮುಳ್ಳುತಂತಿಯ ಶಿಬಿರ ಸೇರಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅದೇ ದೇಶದ ಪ್ರಜೆಗಳು. ಅಂಥವರ ಮಕ್ಕಳ ಮದುವೆ, ಬಾಣಂತನಗಳೂ ಆ ಶಿಬಿರದಲ್ಲೇ ಆಗಿರಬೇಕು. ನೋವುಂಡವರಿಗೆ ಪರರ ನೋವು ತಾನೇ ತಿಳಿಯುತ್ತದೆನ್ನುವುದು ನಾವು ಹೇಳಿಕೊಳ್ಳುವ ಸಮಾಧಾನದ ಮಾತು.

ಆದರೂ 1945ರ ಮಾರ್ಚ್ 1ನ್ನು ನಾನು ಮರೆಯಲಾರೆ. ಯಾಲ್ಟಾದಿಂದ ಮರಳಿದ ಅವರು ಸಂಸತ್ತಿನೆದುರು ಕುಳಿತೇ ಮಾತನಾಡಿದರು. ಕಾಲಿನಲ್ಲಿ ಹತ್ತು ಪೌಂಡು ಉಕ್ಕು ಹೊತ್ತು ನಿಲ್ಲುವುದಕ್ಕಿಂತ ಇದು ಸುಲಭ, ಕ್ಷಮಿಸಿ ಎಂದರು. ಎಲ್ಲರೆದುರು ಕಾಲಿನ ಮಾತೆತ್ತಿದ್ದು ಅಷ್ಟು ತಡವಾಗಿ. ಏಪ್ರಿಲ್ 12ಕ್ಕೆ ತೀರಿಕೊಂಡರು. ಸರಿಯಾಗಿ ಹತ್ತು ವರ್ಷದ ನಂತರ, ಅದೇ ದಿನ, ಸಾಲ್ಕ್ ಲಸಿಕೆ ಫಲ ಕೊಟ್ಟಿತೆಂಬ ಸುದ್ದಿ ಹೊರಬಿತ್ತು. ಆ ಸಂಶೋಧನೆಗೆ ಹಣ ಕೂಡಿಸಿದ್ದು 1938ರಲ್ಲಿ ಅವರೇ ಕಟ್ಟಿದ ಸಂಸ್ಥೆ.

1997ರಲ್ಲಿ ಸ್ಮಾರಕ ತೆರೆದಾಗ ಅಲ್ಲಿದ್ದ ದೊಡ್ಡ ಮೂರ್ತಿಯ ಕಾಲು, ಕುರ್ಚಿಗಳನ್ನೆಲ್ಲ ನಿಲುವಂಗಿ ಮುಚ್ಚಿತ್ತು. ಅಂಗವಿಕಲರು ಒಪ್ಪಲಿಲ್ಲ, ಹಟ ಹಿಡಿದರು. 2001ರಲ್ಲಿ ಬಾಗಿಲಲ್ಲೇ ಇನ್ನೊಂದು ಮೂರ್ತಿ ಬಂತು: ಆಳೆತ್ತರದ್ದು, ಗಾಲಿಕುರ್ಚಿಯಲ್ಲಿ ಕುಳಿತದ್ದು. ಪೀಠವಿಲ್ಲದೆ ನೆಲದ ಮೇಲೇ ಇದೆ. ಗಾಲಿಯನ್ನು ಮುಟ್ಟಿದೆ. ಅಮ್ಮನ ನೆನಪಾಯಿತು. ಅವಳ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಹೋಯಿತೆನ್ನಲಾರೆ.

ಮಗಳು ಫೋಟೋ ತೆಗೆದು ತೋರಿಸಿದಳು. ಅಧ್ಯಕ್ಷರು ಗಾಲಿಸಮೇತ ಇದ್ದಾರೆ, ಪಕ್ಕದಲ್ಲಿ ನಾನು ಸೊಂಟದಿಂದ ಮೇಲೆ ಮಾತ್ರ. ಬೇಕೆಂದು ಮಾಡಿದ್ದಲ್ಲ, ನಮ್ಮ ಮನೆಯ ರೂಢಿ.

‘ಸ್ವಲ್ಪ ಹಿಂದೆ ಹೋಗಿ ಇನ್ನೊಂದು ತೆಗಿಯೇ’ ಎಂದೆ.