ಭೈರವ ತೀರ್ಥದ ದಾರಿ

ಟಿ.ಬಿ. ಡ್ಯಾಂನಲ್ಲಿ ಬೆಳೆದವನಿಗೆ ನೀರು ಬೀಳುವುದು ಹೊಸ ನೋಟವೇನಲ್ಲ. 1953ರಲ್ಲಿ ತುಂಗಭದ್ರೆಯನ್ನು ತಡೆದು ನಿಲ್ಲಿಸಿದ ಈ ಅಣೆಕಟ್ಟಿಗೆ 33 ಗೇಟುಗಳು. ಮಳೆಗಾಲದಲ್ಲಿ ಅವುಗಳಲ್ಲಿ ಕೆಲವನ್ನು ಎತ್ತಿದರೂ ಸಾಕು, ಹಾಲಿನಂತಹ ನೊರೆಯನ್ನು ನೋಡಲು ಊರೂರಿನ ಜನ ಸೇರುತ್ತಾರೆ. ಜಲಪಾತವೆಂದರೆ ಇದೇ ಎಂದು ಬಹುಕಾಲ ನಂಬಿದ್ದೆ. ಮನುಷ್ಯನು ಎತ್ತಿದರೆ ಬೀಳುವ, ಇಳಿಸಿದರೆ ನಿಲ್ಲುವ ನೀರು ಅದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾದಾಗ ಮಾತ್ರ ಅದರ ನಿಜವಾದ ಬಲ ನಮಗೆ ತಿಳಿಯಿತು. ಯಾರ ಅಪ್ಪಣೆಯನ್ನೂ ಕಾಯದೆ ಬೆಟ್ಟದಿಂದ ಬೀಳುವ ನೀರನ್ನು ನಾನು ಮೊದಲು ಕಂಡದ್ದು 2025ರ ಶ್ರಾವಣದಲ್ಲಿ, ಸಂಡೂರಿನ ಭೈರವ ತೀರ್ಥದಲ್ಲಿ.

ಹೊರಟವರು ಅಂತಿಮ ಬಿ.ಎ. ತರಗತಿಯ ಏಳು ಮಂದಿ, ಜೊತೆಗೆ ನಮ್ಮ ಭೂಗೋಳದ ಗುರುಗಳು. ಅರಣ್ಯ ಇಲಾಖೆಯ ಅನುಮತಿಯೇನೋ ದೊರೆಯಿತು. ಆದರೆ ಕಾಡಿನ ದಾರಿ ಬಲ್ಲವರು ಬೇಕಲ್ಲ? “ಆ ಕಡೆಯ ಒಬ್ಬ ಮನುಷ್ಯ ನನಗೆ ಪರಿಚಯ, ಕರೆದು ತರುತ್ತೇನೆ” ಎಂದೆ. ಮಿತ್ರರೇ, ಆ ಮನುಷ್ಯ ನನ್ನ ತಂದೆ. ಇಂದಿನವರೆಗೆ ನಿಮಗೆ ನಾನು ಹೇಳಿಲ್ಲ.

ಏಕೆ ಹೇಳಲಿಲ್ಲ? ಮೊದಲನೆಯ ವರ್ಷ ಪರಸ್ಪರ ಪರಿಚಯದ ದಿನ, ತಂದೆ ಏನು ಮಾಡುತ್ತಾರೆಂದು ಕೇಳಿದಾಗ “ವ್ಯಾಪಾರ” ಎಂದುಬಿಟ್ಟಿದ್ದೆ. ಸುಳ್ಳೇನಲ್ಲ. ಡ್ಯಾಮಿನ ಬಳಿ ಬುಟ್ಟಿಯಲ್ಲಿ ಶೇಂಗಾ ಮಾರುವುದೂ ವ್ಯಾಪಾರವೇ! ಒಮ್ಮೆ ಆಡಿದ ಮಾತಿಗೆ ಮೂರು ವರ್ಷ ಕಾವಲು ಕಾಯಬೇಕಾಯಿತು.

ಅಪ್ಪ ಸಂಡೂರು ಸೀಮೆಯವನು. ಹುಡುಗನಾಗಿ ಆ ಬೆಟ್ಟಗಳಲ್ಲಿ ಆಡು ಕಾಯ್ದವನು. ಬೆಳೆದ ಮೇಲೆ ಲಾರಿಗೆ ಅದಿರು ತುಂಬಿದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅವನ ಕೂಲಿಯೂ ನಿಂತಿತು. 2012–13ರಲ್ಲಿ ನಿಬಂಧನೆಗಳೊಡನೆ ಕೆಲವು ಗಣಿಗಳು ಮತ್ತೆ ತೆರೆದವು. ಅಷ್ಟರಲ್ಲಿ ನಾವು ಡ್ಯಾಮಿಗೆ ಬಂದು ನೆಲೆಸಿದ್ದೆವು.

ಹೊಸಪೇಟೆಯಿಂದ ಸಂಡೂರಿಗೆ ಬಸ್ಸು, ಮುಂದೆ ಟಂಟಂ, ಅದರ ಮುಂದೆ ನಮ್ಮ ಕಾಲುಗಳೇ ಗತಿ. ಅಪ್ಪ ಮುಂದೆ, ನಾವು ಹಿಂದೆ. ನಾನು ಬೇಕೆಂದೇ ಎಲ್ಲರಿಗಿಂತ ಹಿಂದೆ. ಹಸಿರೆಂದರೆ ಹಸಿರು! ಬೇಸಗೆಯಲ್ಲಿ ಬೋಳಾಗಿ ನಿಲ್ಲುವ ಬೆಟ್ಟವೇ ಇದು ಎಂದು ನಂಬುವುದು ಕಷ್ಟ. ಕಾಲ ಕೆಳಗೆ ಮಾತ್ರ ಕೆಂಪು ಕಬ್ಬಿಣದ ಕಲ್ಲು. ಮುಷ್ಟಿಯಷ್ಟು ಎತ್ತಿಕೊಂಡರೂ ಕೈ ಜಗ್ಗುವ ಭಾರ. ಅಪ್ಪ ಆಗಾಗ ಕೋಲಿನಿಂದ ಬಂಡೆಯನ್ನು ಬಡಿದು ಸದ್ದು ಮಾಡುತ್ತಿದ್ದ. ಕಾರಣ ಕೇಳಿದ ಗೆಳೆಯನಿಗೆ, “ಕರಡಿಗೆ ನಾವು ಬರೋದು ಮೊದಲೇ ಗೊತ್ತಾಗ್ಬೇಕ್ರೀ. ತಟ್ಟನೆ ಎದುರಾದ್ರ ಅದಕ್ಕೂ ಅಂಜಿಕಿ, ನಮಗೂ ಅಂಜಿಕಿ” ಎಂದ. ಅಂದಿನಿಂದ ಆ ಗೆಳೆಯ ದಾರಿಯುದ್ದಕ್ಕೂ ಹಾಡುತ್ತಲೇ ಬಂದ. ಕರಡಿಗಳು ದೂರ ಉಳಿದದ್ದು ಕೋಲಿಗೋ ಹಾಡಿಗೋ ತಿಳಿಯದು.

ನೆರಳಿನಲ್ಲಿ ದಣಿವಾರಿಸಿಕೊಳ್ಳುವಾಗ ಗುರುಗಳು ಸಂಡೂರಿನ ಕತೆ ಹೇಳಿದರು. 1932ರಲ್ಲಿ ಅಲ್ಲಿಯ ಅರಸರು ಕುಮಾರಸ್ವಾಮಿ ದೇವಾಲಯವನ್ನು ದಲಿತರಿಗೆ ತೆರೆದದ್ದು, 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದದ್ದು ಎಲ್ಲವನ್ನೂ ವಿವರಿಸಿ, ಮನುಷ್ಯರಲ್ಲಿ ಮೇಲು ಕೀಳೆಂಬುದಿಲ್ಲ ಎಂದರು. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ.

ಕೊನೆಯ ಇಳಿಜಾರು ಪಾಚಿಗಟ್ಟಿತ್ತು. ಅಪ್ಪ ಕೆಳಗೆ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದ. ನನ್ನ ಸರದಿ ಬಂದಿತು. ಕೈಚಾಚಿ, “ನಿಧಾನ ಬರ್ರಿ ಸರ, ಇಲ್ಲಿ ಕಲ್ಲು ಜಾರತೈತಿ” ಎಂದ.

ನನ್ನನ್ನು ಹೆತ್ತ ಅಪ್ಪ ನನ್ನನ್ನು “ಸರ” ಎಂದ! ನಾನು ಏನೂ ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ನಾನು ಬೇರೆ ಸೀಟು ಹುಡುಕಿದ್ದನ್ನು ನೋಡಿಯೇ ಎಲ್ಲವನ್ನೂ ಅರಿತುಕೊಂಡಿದ್ದ.

ತೀರ್ಥದ ಸೊಬಗನ್ನು ಬಣ್ಣಿಸಬೇಕಾದದ್ದು ಇಲ್ಲಿ. ಬಂಡೆಯ ನೆತ್ತಿಯಿಂದ ನೀರು ಧುಮುಕುತ್ತಿತ್ತು. ತುಂತುರು ಮುಖಕ್ಕೆ ಎರಚುತ್ತಿತ್ತು. ಗೆಳೆಯರು ಬಟ್ಟೆಯ ಸಮೇತ ಅದರಡಿಗೆ ನುಗ್ಗಿದರು. ಇಷ್ಟೇ ನನಗೆ ನೆನಪು. ನನ್ನ ಕಿವಿ ದಡದ ಮೇಲಿತ್ತು. ಅಲ್ಲಿ ಗುರುಗಳು, ಈ ಕಣಿವೆಯ ನೀರು ಎಲ್ಲಿಗೆ ಹೋಗುತ್ತದೆಂದು ಅಪ್ಪನನ್ನು ಕೇಳುತ್ತಿದ್ದರು. “ಹಳ್ಳಗಳೆಲ್ಲ ನಾರಿಹಳ್ಳ ಸೇರತಾವ್ರೀ. ನಾರಿಹಳ್ಳ ಭೀಮಗಂಡಿಯೊಳಗ ಹಾದು ದರೋಜಿ ಕೆರಿಗೆ ಹೋಗತೈತಿ.” ಗುರುಗಳು ಸಂತೋಷದಿಂದ, “ಇದನ್ನೆಲ್ಲ ಎಲ್ಲಿ ಕಲಿತಿರಿ?” ಎಂದರು. “ಆಡಿನ ಹಿಂದ ತಿರುಗಿ ಕಲಿತೀನ್ರೀ.”

“ಮಕ್ಕಳು ಓದುತ್ತಿದ್ದಾರೆಯೇ?”

“ಒಬ್ಬ ಮಗ ಅದಾನ್ರೀ. ಬಿ.ಎ. ಕೊನೀ ವರ್ಷ. ನಮ್ಮ ಮನೆತನದೊಳಗ ಕಾಲೇಜು ಮೆಟ್ಟಿಲು ಹತ್ತಿದವನು ಅವನೊಬ್ಬನೇ.”

“ಭೇಷ್! ಯಾವ ಕಾಲೇಜು?”

ಅಪ್ಪ ನನ್ನತ್ತ ನೋಡಲೂ ಇಲ್ಲ. “ಹೊಸಪೇಟ್ಯಾಗ ರೀ” ಎಂದು ಹೇಳಿ, ಬುತ್ತಿಯ ಗಂಟು ಬಿಚ್ಚುವ ನೆವದಲ್ಲಿ ಎದ್ದುಹೋದ. ಹತ್ತು ಹೆಜ್ಜೆಯ ದೂರದಲ್ಲಿದ್ದೆ. “ಆ ಮಗ ನಾನೇ” ಎನ್ನಲು ಎಷ್ಟು ಹೊತ್ತು ಬೇಕು? ಬಾಯಿ ಬರಲಿಲ್ಲ.

ಸಂಜೆ ನೀವೆಲ್ಲ ಸೇರಿಸಿ ಕೊಟ್ಟ 400 ರೂಪಾಯಿಗಳನ್ನು ನನ್ನ ಕೈಯಿಂದಲೇ ಅವನಿಗೆ ಕೊಡಿಸಿದಿರಿ. ಎರಡೂ ಕೈಯಲ್ಲಿ ತೆಗೆದುಕೊಂಡು ಎಲ್ಲರಿಗೂ ನಮಸ್ಕರಿಸಿದ. ರಾತ್ರಿ ಮನೆಯಲ್ಲಿ ಆ ನೋಟುಗಳು ನನ್ನ ಅರ್ಥಶಾಸ್ತ್ರದ ಪುಸ್ತಕದ ಮೇಲಿದ್ದವು. “ಪರೀಕ್ಷಾ ಫೀ ಕಟ್ಟಬೇಕಂದಿದ್ದೆಲ್ಲಪ್ಪ” ಎಂದನೇ ಹೊರತು ಬೇರೆ ಮಾತಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮುಖಕ್ಕೆ ಹೇಳಲಾರದ್ದನ್ನು ಬರೆದು ಹೇಳುತ್ತಿದ್ದೇನೆ. ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುನ್ನ ಅಪ್ಪನ ಎದುರು ಕುಳಿತು ಓದಿದೆ; ಅವನಿಗೆ ಓದು ಬಾರದು. ಪೂರ್ತಿ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, “ನೀರು ಬೀಳೋದನ್ನ ಇನ್ನೊಂದೀಟು ಬರೀಬೇಕಿತ್ತು. ಸರಿಯಾಗಿ ನೋಡಲೇ ಇಲ್ಲೇನು ನೀನು?” ಎಂದ.

ನೋಡಲಿಲ್ಲ. ಆದುದರಿಂದ ಬರುವ ಶ್ರಾವಣದಲ್ಲಿ ಮತ್ತೆ ಹೋಗಬೇಕೆಂದಿದ್ದೇನೆ. ಗುರುಗಳೂ ಗೆಳೆಯರೂ ಬರಬೇಕೆಂದು ಪ್ರಾರ್ಥನೆ. ದಾರಿ ತೋರಿಸಲು ನಮ್ಮಪ್ಪ ಬರುತ್ತಾನೆ.